ಆವಿಗೆಯನ್ನು ಕಾಯುವ ಮಣ್ಣು

ಪಿಂಗಾಣಿಯ ಚರಿತ್ರೆಯನ್ನು ಬರೆದವರು ಬಟ್ಟಲಿನ ಬಿಳುಪನ್ನೂ ಅದರ ಮೇಲಣ ನೀಲಿಯ ಚಿತ್ತಾರವನ್ನೂ ಮನದಣಿಯೆ ಹೊಗಳಿದ್ದಾರೆ. ಅದು ಬೆಂದ ಆವಿಗೆಯ ಒಳಮೈಯನ್ನು ಕುರಿತು ಬರೆದವರು ವಿರಳ. ಆದರೆ ಕುಂಬಾರನಿಗೆ ಬಟ್ಟಲು ಚೆಲುವಾಗಿದ್ದರೆ ಸಾಲದು. ಬೆಂದ ಮೇಲೆ ಅದು ಕುಳಿತ ನೆಲೆಯಿಂದ ಮುರಿಯದೆ ಬಿಟ್ಟುಬರಬೇಕು. ಅವನ ಅನ್ನ ನಿಂತಿದ್ದುದು ಇದರ ಮೇಲೆ. ಈ ಬಿಡುಗಡೆಗಾಗಿ ಅವನು ಹಚ್ಚಿದ ತೆಳುಲೇಪವೊಂದರ ಕಥೆಯನ್ನು ಇಲ್ಲಿ ಹೇಳಬಯಸುತ್ತೇನೆ.

ಪಿಂಗಾಣಿಯ ಮೆರುಗು ಎಂಬುದು ಗಾಜೇ. ಕಲ್ಲುಮಣ್ಣುಗಳಲ್ಲಿರುವ ಸಿಲಿಕ, ಕ್ಷಾರದೊಡನೆಯೋ ಸುಣ್ಣದೊಡನೆಯೋ ಕೂಡಿ, 1200–1300 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಕರಗಿ ಪಾತ್ರೆಯನ್ನು ಹೊದೆಯುತ್ತದೆ. ಕರಗಿದ ಗಾಜಿಗೆ ತನ್ನವರು, ಪರರು ಎಂಬ ಭೇದವಿಲ್ಲ. ಪಾತ್ರೆಗೆ ಹತ್ತಿದಂತೆ ಅದರ ತಳದ ನೆಲೆಗೂ ಹತ್ತುತ್ತದೆ. ಆರಿದ ಮೇಲೆ ಎರಡನ್ನೂ ಬೆಸೆದುಬಿಡುತ್ತದೆ.

ಈ ಅಪಾಯದ ಸ್ಪಷ್ಟ ಚಿತ್ರವೊಂದು, ಚೀನದ ಜಿಂಗ್‌ಡೆಜೆನ್ ಊರಿನ ಪಿಂಗಾಣಿ ಕೆಲಸವನ್ನು ಕುರಿತು ಫ್ರೆಂಚ್ ಜೆಸ್ಯುಯಿಟ್ ಪಾದ್ರಿ ದಾಂತ್ರಕೋಲ್ 1712ರಲ್ಲಿ ಬರೆದ ಪತ್ರದಲ್ಲಿ ದೊರೆಯುತ್ತದೆ. ಅಲ್ಲಿ ಪಾತ್ರೆಗಳನ್ನು ಮಣ್ಣಿನ ಕರಂಡಗಳಲ್ಲಿಟ್ಟು ಸುಡುತ್ತಿದ್ದರು. ಕೆಲವೊಮ್ಮೆ ಆವಿಗೆಯನ್ನು ತೆರೆದರೆ ಪಾತ್ರೆಗಳೂ ಕರಂಡಗಳೂ ಒಂದಾಗಿ ಬಂಡೆಯಂತೆ ಗಟ್ಟಿಕಟ್ಟಿರುತ್ತಿದ್ದವು. ಈ ಕಸುಬಿನಲ್ಲಿ ಒಬ್ಬನು ಸಿರಿವಂತನಾದರೆ ನೂರು ಮಂದಿ ಹಾಳಾಗುತ್ತಾರೆಂದು ಪಾದ್ರಿ ಬರೆಯುತ್ತಾನೆ. ಇದಕ್ಕೆ ಅಲ್ಲಿಯವರು ಕಂಡುಕೊಂಡಿದ್ದ ಕಾಪು ಸರಳವಾದುದು. ಕರಂಡದ ತಳದಲ್ಲಿ ನುಣ್ಣನೆಯ ಮರಳನ್ನು ಹಾಸಿ, ಆ ಮರಳೂ ಪಾತ್ರೆಗೆ ಅಂಟದಂತೆ ಅದರ ಮೇಲೆ ಕಯೋಲಿನ್ ಎಂಬ ಬಿಳಿಮಣ್ಣಿನ ಪುಡಿಯನ್ನು ಉದುರಿಸುತ್ತಿದ್ದರು.

ಜಿಂಗ್‌ಡೆಜೆನ್ನಿನ ಬಳಿಯ ಗಾವೊಲಿಂಗ್ ಎಂಬ ಸ್ಥಳದಿಂದ ಬಂದ ಹೆಸರು ಇದು. ಪಿಂಗಾಣಿಯ ಮೈಗೂ ಇದೇ ಮಣ್ಣು ಬೇಕು. ಇದಿಲ್ಲದೆ, ಜೊತೆಗೆ ಬೆರೆಸುವ ಕಲ್ಲಿನ ಪುಡಿಯೊಂದರಿಂದಲೇ ಪಿಂಗಾಣಿ ಮಾಡಹೊರಟ ಯೂರೋಪಿನವರನ್ನು ಕುರಿತು, ಅವರು ಮೂಳೆಯಿಲ್ಲದೆ ಬರಿಯ ಮಾಂಸದಿಂದ ದೇಹವನ್ನು ಕಟ್ಟಲೆಳಸಿದರೆಂದು ವರ್ತಕನೊಬ್ಬನು ನಕ್ಕನಂತೆ. ಶುದ್ಧ ಕಯೋಲಿನ್ನಿನ ತೂಕದಲ್ಲಿ ನೂರಕ್ಕೆ ಸುಮಾರು 39 ಪಾಲು ಅಲ್ಯೂಮಿನ. ಅಲ್ಯೂಮಿನ ಕರಗಬೇಕಾದರೆ 2000 ಡಿಗ್ರಿಗೂ ಮೀರಿದ ಉರಿ ಬೇಕು. ಮೂಳೆಯ ಬಲವೂ ಅಂಟದ ಗುಣವೂ ಬಹುಮಟ್ಟಿಗೆ ಅದರಿಂದ ಬಂದವು.

ಚೀನದ ಕರಂಡದಲ್ಲಿ ಅಪಾಯವಿದ್ದುದು ಪಾತ್ರೆಯ ತಳದಲ್ಲಿ. ಯೂರೋಪಿನ ಉಪ್ಪುಮೆರುಗಿನ ಆವಿಗೆಯಲ್ಲಿ ಅದು ಗೋಡೆಗೇ ಬಂದಿತು. ರೈನ್ ನದಿಯ ಸೀಮೆಯಲ್ಲಿ ಬೆಳೆದ ಈ ವಿದ್ಯೆಯ ಬಗೆಯ ಪಾತ್ರೆಗಳಿಗಾಗಿ ಇಂಗ್ಲೆಂಡಿನಲ್ಲಿ ಜಾನ್ ಡ್ವೈಟ್ 1672ರಲ್ಲಿ ರಾಜಪತ್ರವನ್ನು ಪಡೆದು, ಫುಲ್ಹಮ್‌ನಲ್ಲಿ ಆವಿಗೆ ಹೂಡಿದನು. ಉರಿ ಏರಿದಾಗ ಆವಿಗೆಯೊಳಕ್ಕೆ ಉಪ್ಪನ್ನು ಎರಚುತ್ತಾರೆ. ಅದು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕದೊಡನೆ ಕೂಡಿ ಗಾಜಾಗುತ್ತದೆ. ಇಟ್ಟಿಗೆಯಲ್ಲಿಯೂ ಸಿಲಿಕವುಂಟಷ್ಟೆ. ಆದುದರಿಂದ ಸುಟ್ಟಷ್ಟು ಸಲವೂ ಗೋಡೆಗೂ ಗಾಜು ಹತ್ತುತ್ತದೆ. ದಪ್ಪವಾಗುತ್ತ ಬಂದು ಇಟ್ಟಿಗೆಯನ್ನು ತಿನ್ನುತ್ತದೆ, ಕಮಾನಿನಿಂದ ಪಾತ್ರೆಗಳ ಮೇಲೆ ತೊಟ್ಟಿಕ್ಕುತ್ತದೆ.

1888ರಲ್ಲಿ ಕಾರ್ಲ್ ಬೇಯರ್, ಬಾಕ್ಸೈಟ್ ಅದುರಿನಿಂದ ಶುದ್ಧ ಅಲ್ಯೂಮಿನವನ್ನು ತೆಗೆಯುವ ವಿಧಾನವನ್ನು ರೂಪಿಸಿದನು. ಇಂದಿನ ಕುಂಬಾರರು ಅಲ್ಯೂಮಿನವನ್ನೂ ಕಯೋಲಿನ್ನನ್ನೂ ನೀರಿನಲ್ಲಿ ಕದಡಿ, ಹಾಲಿನ ಕೆನೆಯಷ್ಟು ಮಂದವಾಗಿ ಆವಿಗೆಯ ಹಲಗೆಗಳಿಗೆ ಬಳಿಯುತ್ತಾರೆ. ಹಲಗೆಯ ಮೇಲುಮೈಗೆ ಮಾತ್ರ ಬಳಿಯಬೇಕು, ತೆಳ್ಳಗೆ ಬಳಿಯಬೇಕು. ಅಡಿಮೈಗೆ ಬಳಿದರೆ ಅದು ಹಕ್ಕಳೆಯಾಗಿ ಎದ್ದು, ಕೆಳಗಿನ ಬಟ್ಟಲಿನ ಮೆರುಗಿನೊಳಗೆ ಬಿದ್ದು ಕೂರುತ್ತದೆ. ಕಾಯಬಂದದ್ದೇ ಕೆಡಿಸಿದಂತಾಗುತ್ತದೆ.

ಮ್ಯೂಸಿಯಮ್ಮಿನ ಗಾಜಿನ ಬೀರುವಿನಲ್ಲಿ ಚೀನದ ಹಳೆಯ ಬಟ್ಟಲನ್ನು ಕಂಡಾಗ, ಮೆರುಗಿಲ್ಲದ ಅದರ ಅಡಿಯ ಅಂಚನ್ನೂ ಒಮ್ಮೆ ನೋಡಬೇಕು. ಅಲ್ಲಿ ಮರಳಿನ ಒಂದೆರಡು ಕಣಗಳು ಕೆಲವೊಮ್ಮೆ ಉಳಿದಿರುತ್ತವೆ. ಆ ಬಟ್ಟಲು ಬಂಡೆಯಾಗದೆ ಬಟ್ಟಲಾಗಿ ಹೊರಬಂದುದಕ್ಕೆ ಅವೇ ಸಾಕ್ಷಿ.