ಹ್ಯಾಮ್ ಆಂಟೆನಾಕ್ಕೆ ಮರ ಅಡ್ಡಿಯೇ, ಆಸರೆಯೇ?

ಬೆಂಗಳೂರು: ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಹಳೆಯ ಬೀದಿಗಳಲ್ಲಿ ತಾರಸಿಯನ್ನೂ ಮೀರಿ ಬೆಳೆದ ಮಳೆಮರ, ಹೊಂಗೆ, ಗುಲ್‌ಮೊಹರ್‌ಗಳಿವೆ. ಸಂಕೇತ ಕ್ಷೀಣಿಸಿದಾಗ ಹವ್ಯಾಸಿ ರೇಡಿಯೋ ನಿರ್ವಾಹಕರಿಗೆ, ಅಂದರೆ ಹ್ಯಾಮ್‌ಗಳಿಗೆ, ಮೊದಲು ಅನುಮಾನ ಮೂಡುವುದು ಈ ಮರಗಳ ಮೇಲೆಯೇ. ಆದರೆ ಮರದಿಂದಾಗುವ ನಷ್ಟ ಬಳಸುವ ಆವರ್ತನವನ್ನು ಅವಲಂಬಿಸಿದೆ.

ದೂರದ ಊರುಗಳೊಡನೆ ಮಾತನಾಡಲು ಬಳಸುವ 7 ಮೆಗಾಹರ್ಟ್ಸ್‌ನಲ್ಲಿ ಅಲೆಯೊಂದರ ಉದ್ದ ಸುಮಾರು 42 ಮೀಟರ್. ಅದರ ಮುಂದೆ ಎಲೆ, ರೆಂಬೆಗಳು ತೀರಾ ಚಿಕ್ಕವು. ಅಡ್ಡಲಾಗಿ ಕಟ್ಟಿದ ಡೈಪೋಲ್ ತಂತಿಗೆ ಅವುಗಳಿಂದಾಗುವ ನಷ್ಟ ಅತ್ಯಲ್ಪ. ವಾಸ್ತವದಲ್ಲಿ ಇಲ್ಲಿ ಮರವೇ ಆಸರೆ. ಈ ತಂತಿಗೆ ಸುಮಾರು 66 ಅಡಿ ಉದ್ದ ಬೇಕು. ನಗರದ ಮಾಮೂಲಿ 30-40 ನಿವೇಶನವನ್ನು ಮೂಲೆಯಿಂದ ಮೂಲೆಗೆ ಅಳೆದರೂ ಸಿಗುವುದು 50 ಅಡಿ ಮಾತ್ರ! ನೆಟ್ಟಗೆ ನಿಲ್ಲಿಸಿದ ಆಂಟೆನಾದ ಮಾತು ಬೇರೆ. ರಸ ತುಂಬಿದ ಕಾಂಡಗಳೂ ಅದಕ್ಕೆ ಸಮಾನಾಂತರವಾಗಿ ನಿಂತಿರುವುದರಿಂದ ಶಕ್ತಿ ಹೆಚ್ಚು ಸೋರುತ್ತದೆ.

ಸ್ಥಳೀಯ ಸಂಪರ್ಕದ 145 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಎರಡೇ ಮೀಟರ್. ಇಲ್ಲಿಂದ ಮೇಲಕ್ಕೆ ಹೋದಂತೆ ಎಲೆಗಳಲ್ಲಿರುವ ನೀರು ಸಂಕೇತವನ್ನು ಹೀರತೊಡಗುತ್ತದೆ. 1 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಎಲೆ ತುಂಬಿದ ಮರ ಬೋಳು ಮರಕ್ಕಿಂತ ಪ್ರತಿ ಮೀಟರಿಗೆ ಸುಮಾರು ಶೇ. 20ರಷ್ಟು ಹೆಚ್ಚು ಡೆಸಿಬೆಲ್ ನಷ್ಟ ಉಂಟುಮಾಡುತ್ತದೆ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಮಳೆಯಲ್ಲಿ ನೆನೆದ ಎಲೆಗಳದ್ದು ಇನ್ನೂ ಹೆಚ್ಚಿನ ಕಾಟ. ಗಾಳಿಗೆ ಕೊಂಬೆ ತೂಗಿದರೆ ದನಿಯೂ ಏರಿಳಿಯುತ್ತದೆ. 2005ರ ಮೇ 5ರಂದು ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ 435 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಪಡೆದು 145ರಲ್ಲಿ ಮರಳಿಸುತ್ತಿತ್ತು. 2014ರವರೆಗೆ ಕೆಲಸ ಮಾಡಿದ ಇಂಥ ಉಪಗ್ರಹ ದಿಗಂತದ ಬಳಿಯಿದ್ದಾಗ ದಟ್ಟ ಮರದ ಮರೆಯಿಂದ ಅದನ್ನು ತಲುಪುವುದು ಕಷ್ಟ.

ಮರಕ್ಕೆ ತಂತಿ ಕಟ್ಟುವುದೂ ಎಚ್ಚರದ ಕೆಲಸವೇ. ಪ್ರಸಾರ ಮಾಡುವಾಗ ಡೈಪೋಲ್‌ನ ತುದಿಗಳಲ್ಲಿ ವೋಲ್ಟೇಜ್ ಅತ್ಯಧಿಕ. ಅಲ್ಲಿ ಇನ್ಸುಲೇಟರ್ ಹಾಕಿ, ತುದಿ ಎಲೆಗೆ ತಾಗದಂತೆ ಹಗ್ಗದಿಂದ ದೂರ ಎಳೆಯಬೇಕು. ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಭಾರ ತೂಗುಬಿಟ್ಟರೆ ಏಪ್ರಿಲ್-ಮೇ ಬಿರುಗಾಳಿಗೆ ತಂತಿ ಹರಿಯುವ ಸಂಭವ ಕಡಿಮೆ. ವಿದ್ಯುತ್ ತಂತಿ ಹಾದುಹೋದ ಮರದ ಮೇಲಂತೂ ಹಗ್ಗ ಎಸೆಯಲೇಬಾರದು, ಪ್ರಾಣಕ್ಕೇ ಕುತ್ತು.

ಮರವನ್ನೇ ಉರುಳಿಸುವ ಯೋಚನೆಗೆ ಕಾನೂನಿನ ತಡೆಯಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಅಂಗಳದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆ ಅರ್ಜಿ ಬರೆಯುವ ಮೊದಲು ಆಂಟೆನಾವನ್ನು ತಾರಸಿಯ ಇನ್ನೊಂದು ಮೂಲೆಗೆ ಸರಿಸಿ ನೋಡಬಹುದು. 145ರ ಚಿಕ್ಕ ಆಂಟೆನಾವನ್ನು ಎಲೆಗಳ ಮಟ್ಟದಿಂದ ಮೇಲಕ್ಕೆತ್ತಲು ಎಷ್ಟೋ ಕಡೆ ಇನ್ನೊಂದು ಉದ್ದದ ಪೈಪ್ ಸಾಕು.