ಮೆಲುಕಿನ ಲೆಕ್ಕ

ಹಸುವನ್ನು ಮೂಕಪ್ರಾಣಿಯೆಂದು ಕರೆಯುವುದು ನಮ್ಮ ರೂಢಿ. ಆದರೆ ಕೊಟ್ಟಿಗೆಯೊಡನೆ ಬದುಕಿದವರು ಅದರ ಮೌನವನ್ನು ಪೂರ್ತಿ ನಂಬಿದವರಲ್ಲ. ‘ಬೆಳಗಿನಿಂದ ಮೇವು ಮುಟ್ಟಿಲ್ಲ’, ‘ಮೆಲುಕು ನಿಂತಿದೆ’, ‘ಮೂತಿ ಒಣಗಿದೆ’, ‘ಹಿಂಡಿನಲ್ಲಿ ಹಿಂದೆ ಬೀಳುತ್ತಿದೆ’ ಎಂಬ ಮಾತುಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಇವು ಒಂದೊಂದೂ ಒಂದು ರೋಗಪರೀಕ್ಷೆಯೇ. ಈಗ ಹಸುವಿನ ಕೊರಳಿಗೂ ಕಾಲಿಗೂ ಪಟ್ಟಿ ಕಟ್ಟಿ, ಅದರೊಳಗಿನ ಸೆನ್ಸರ್‌ಗಳ ಮೂಲಕ ಅದೇ ನಡವಳಿಕೆಯನ್ನು ಅಳೆಯಲಾಗುತ್ತಿದೆ. ಕಣ್ಣಿನಿಂದ ಯಂತ್ರದವರೆಗಿನ ಈ ದಾರಿ ನೇರವಾದುದಲ್ಲ. ಅದರ ತಿರುವುಗಳನ್ನು ಗಮನಿಸುವುದು ಈ ಬರಹದ ಉದ್ದೇಶ.

ಕಾಡುಮೃಗಗಳಿಗೆ ಬೇಟೆಯಾಗುತ್ತ ಬಂದ ಪ್ರಾಣಿವರ್ಗಕ್ಕೆ ಸೇರಿದ ಹಸು ತನ್ನ ದೌರ್ಬಲ್ಯವನ್ನು ಸುಲಭವಾಗಿ ಹೊರಗೆಡಹುವುದಿಲ್ಲ. ಜ್ವರ ಏರಿ, ಹಾಲು ಇಳಿದು, ಕೆಚ್ಚಲು ಕೆಂಪಗಾಗುವ ಹೊತ್ತಿಗೆ ಕಾಯಿಲೆ ಎಷ್ಟೋ ದೂರ ಸಾಗಿರುತ್ತದೆ. ಅದಕ್ಕಿಂತ ಮೊದಲೇ ಬದಲಾಗುವುದು ಮೇವು, ಮೆಲುಕು, ನಡಿಗೆ, ಮಲಗುವ ರೀತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ 1988ರಲ್ಲಿ ಇದಕ್ಕೊಂದು ವಿವರಣೆ ನೀಡಿದರು. ರೋಗಗ್ರಸ್ತ ಪ್ರಾಣಿಯ ಮಂಕುತನ, ಅರುಚಿ, ಒಂಟಿಯಾಗಿ ಮಲಗುವಿಕೆ ಇವೆಲ್ಲ ಬರಿಯ ನಿತ್ರಾಣದ ಫಲವಲ್ಲ. ಸೋಂಕಿನೊಡನೆ ಹೋರಾಡಲು ದೇಹವೇ ಹೂಡುವ ವ್ಯವಸ್ಥಿತ ಉಪಾಯ ಎಂಬುದು ಅವರ ವಾದ. ಹಳ್ಳಿಗರ ಗಮನಿಕೆಗೆ ಹೀಗೆ ಶಾಸ್ತ್ರದ ಬೆಂಬಲ ದೊರೆಯಿತು.

ಆದರೆ ಯಂತ್ರ ಹುಟ್ಟಿದ್ದು ಕಾಯಿಲೆಯ ಚಿಂತೆಯಿಂದಲ್ಲ. ಇಪ್ಪತ್ತನೆಯ ಶತಮಾನದ ನಡುವಿನಿಂದ ಪಾಶ್ಚಾತ್ಯ ದೇಶಗಳಲ್ಲಿ ಹಾಲು ಕರೆಯುವ ಯಂತ್ರಗಳು ಹರಡಿದವು, ಹಿಂಡುಗಳು ಬೆಳೆದವು, ನೋಡಿಕೊಳ್ಳುವ ಕೈಗಳು ಕಡಿಮೆಯಾದವು. ಕೃತಕ ಗರ್ಭಧಾರಣೆ ಬಂದ ಮೇಲೆ ಹಸು ಬೆದೆಗೆ ಬಂದುದನ್ನು ಹೋರಿಯ ಬದಲು ಮನುಷ್ಯನೇ ಗುರುತಿಸಬೇಕಾಯಿತು. ಬೆದೆಯ ಲಕ್ಷಣಗಳು ಎಷ್ಟೋ ಬಾರಿ ರಾತ್ರಿಯ ಹೊತ್ತಿನಲ್ಲಿ ಕಾಣಿಸಿ ಮರೆಯಾಗುತ್ತವೆ. ಈ ತೊಡಕಿಗೆ ಪರಿಹಾರವಾಗಿ, ಹಸುವಿನ ಕಾಲಿಗೆ ಹೆಜ್ಜೆ ಎಣಿಸುವ ಪೆಡೋಮೀಟರ್ ಕಟ್ಟಿದ ಅಮೆರಿಕದ ಕಿಡ್ಡಿ ಎಂಬ ಸಂಶೋಧಕರು, ಬೆದೆಯ ವೇಳೆ ಹೆಜ್ಜೆಗಳ ಸಂಖ್ಯೆ ಹಲವು ಪಟ್ಟು ಏರುವುದನ್ನು 1977ರಲ್ಲಿ ಪ್ರಕಟಿಸಿದರು. ಮುಂದೆ ಇಸ್ರೇಲಿನ ಅಫಿಕಿಮ್ ಕಿಬ್ಬುಟ್ಸ್‌ನಂಥ ಕಡೆಗಳಲ್ಲಿ ಈ ಉಪಕರಣ ವಿದ್ಯುನ್ಮಾನ ರೂಪ ತಳೆದು ಮಾರುಕಟ್ಟೆಗೆ ಬಂದಿತು.

ಹೆಚ್ಚು ನಡೆದ ಹಸುವನ್ನು ಹುಡುಕಲು ಹೊರಟವರ ಪಟ್ಟಿಯಲ್ಲಿ ಕಡಿಮೆ ನಡೆದ ಹಸುವೂ ಕಾಣಿಸತೊಡಗಿತು. ಕಾಯಿಲೆಯ ಸುಳಿವು ಹೀಗೆ ಬಯಸದೆ ಬಂದ ಫಲ. ಕಾಲಾಂತರದಲ್ಲಿ ಮೆಲುಕಿನ ಸದ್ದನ್ನೇ ಆಲಿಸುವ ಕೊರಳಪಟ್ಟಿಗಳು ಬಂದವು. ಆರೋಗ್ಯವಂತ ಹಸು ದಿನಕ್ಕೆ ಸುಮಾರು 7ರಿಂದ 9 ಗಂಟೆ ಮೆಲುಕು ಹಾಕುತ್ತದೆ. ಆ ಅವಧಿ ಕುಸಿದರೆ ಎಚ್ಚರಿಕೆ.

ಈ ಚರಿತ್ರೆಯಲ್ಲಿ 2007ರ ಒಂದು ಅಧ್ಯಯನ ಮುಖ್ಯವಾದುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರತಿ ಹಸುವೂ ಎಷ್ಟು ತಿಂದಿತು, ಗೋದಲಿಯ ಬಳಿ ಎಷ್ಟು ಹೊತ್ತು ನಿಂದಿತು ಎಂಬುದನ್ನು ವಿದ್ಯುನ್ಮಾನ ಗೋದಲಿಗಳಿಂದ ದಾಖಲಿಸಿದರು. ಕರು ಹಾಕಿದ ಮೇಲೆ ಗರ್ಭಕೋಶದ ತೀವ್ರ ಸೋಂಕಿಗೆ ಒಳಗಾದ ಹಸುಗಳು, ಕರು ಹಾಕುವುದಕ್ಕೆ 2 ವಾರ ಮುಂಚಿನಿಂದಲೇ ಇತರ ಹಸುಗಳಿಗಿಂತ ಕಡಿಮೆ ತಿನ್ನುತ್ತಿದ್ದವು. ಗೋದಲಿಯ ಬಳಿಯ ಸಮಯದಲ್ಲಿ ಬರಿಯ 10 ನಿಮಿಷದ ಇಳಿಕೆಯೂ ಅಪಾಯದ ಸಂಭವವನ್ನು ಹೆಚ್ಚಿಸುತ್ತಿತ್ತು. ಎಷ್ಟೇ ಪಳಗಿದ ಕಣ್ಣಾದರೂ 10 ನಿಮಿಷದ ಈ ಕೊರತೆಯನ್ನು ಹಿಡಿಯಲಾರದು. ಇಲ್ಲಿ ಯಂತ್ರ ಕಣ್ಣನ್ನು ಮೀರಿತೆಂದು ಒಪ್ಪಲೇಬೇಕು.

ಹಾಗೆಂದು ಅದು ಸರ್ವಜ್ಞನಲ್ಲ. ಮೆಲುಕನ್ನೂ ಚಲನೆಯನ್ನೂ ಒಟ್ಟುಗೂಡಿಸಿದ ಸೂಚ್ಯಂಕವೊಂದನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಸುವಿನ ನಾಲ್ಕನೆಯ ಹೊಟ್ಟೆ ಜಾಗ ತಪ್ಪುವ ತೊಂದರೆಯನ್ನು ಅದು ನೂರರಲ್ಲಿ 98 ಪ್ರಕರಣಗಳಲ್ಲಿ, ಕೆಲಸಗಾರರ ಪತ್ತೆಗಿಂತ ಸರಾಸರಿ 3 ದಿನ ಮೊದಲೇ ಸೂಚಿಸಿತು. ಆದರೆ ಗರ್ಭಕೋಶದ ಸೋಂಕನ್ನು ಹಿಡಿದದ್ದು ನೂರಕ್ಕೆ 55ರಷ್ಟು ಮಾತ್ರ; ಕೆಚ್ಚಲುಬಾವಿನಲ್ಲಿ 58ರಷ್ಟು. ಅದರ ಮೇಲೆ, ಯಂತ್ರ ಹೇಳುವುದು ‘ಈ ಹಸು ಎಂದಿನಂತಿಲ್ಲ’ ಎಂದಷ್ಟೆ. ಏನಾಗಿದೆಯೆಂದು ತಿಳಿಯಲು ಯಾರಾದರೂ ಎದ್ದು ಹಸುವಿನ ಬಳಿಗೆ ಹೋಗಲೇಬೇಕು.

‘ಎಂದಿನಂತಿಲ್ಲ’ ಎಂಬ ಈ ಮಾತಿನಲ್ಲಿಯೇ ಚರಿತ್ರೆಯ ತಿರುಳಿದೆಯೆಂದು ನಮಗೆ ತೋರುತ್ತದೆ. ಇಂಥ ವ್ಯವಸ್ಥೆಗಳು ಪ್ರತಿ ಹಸುವನ್ನೂ ಮುಖ್ಯವಾಗಿ ಅದರದೇ ಹಿಂದಿನ ದಿನಗಳೊಡನೆ ಹೋಲಿಸಿ ನೋಡುತ್ತವೆ. ಗೌರಿ ಎಷ್ಟು ತಿನ್ನುವವಳು, ತುಂಗೆ ಎಲ್ಲಿ ಮಲಗುವವಳು ಎಂದು ಬಲ್ಲ ಮನೆಯವರು ಮಾಡುತ್ತಿದ್ದುದೂ ಇದನ್ನೇ. ಹಿಂಡು ದೊಡ್ಡದಾದಾಗ ಕಳೆದುಹೋದ ಪರಿಚಯವನ್ನು ಮನುಷ್ಯ ಹಣ ಕೊಟ್ಟು ಮರಳಿ ಪಡೆಯುತ್ತಿದ್ದಾನೆ.

ನಮ್ಮ ದೇಶದ ಬಹುಪಾಲು ಹಾಲು ಉತ್ಪಾದಕರ ಬಳಿ ಇರುವುದು ಬೆರಳೆಣಿಕೆಯ ರಾಸುಗಳು. ಅಲ್ಲಿ ಪರಿಚಯ ಇನ್ನೂ ಕಳೆದಿಲ್ಲ. ಮೇವು ಹಾಕಿ, ಸೆಗಣಿ ಬಾಚಿ, ಹಾಲು ಕರೆಯುವ ಹೆಣ್ಣುಮಕ್ಕಳ ಬಳಿ ಅದು ಉಳಿದಿದೆ. ಆದರೆ ಚರಿತ್ರೆ ಬರೆದದ್ದನ್ನು ಮಾತ್ರ ನೆನೆಯುತ್ತದೆ. 1977ರ ಪೆಡೋಮೀಟರಿಗೆ ಇಸವಿಯುಂಟು. ಮೆಲುಕು ನಿಂತುದನ್ನು ಮೊದಲು ಕಂಡ ಅಜ್ಜಿಗೆ ಹೆಸರೂ ಇಲ್ಲ. ಕೊರಳಪಟ್ಟಿ ನಮ್ಮ ಕೊಟ್ಟಿಗೆಗಳಿಗೂ ಬರಲಿ, ಬೇಡವೆನ್ನಲು ಕಾರಣವಿಲ್ಲ. ಅಲ್ಲಿಯವರೆಗೆ, ವೈದ್ಯರು ಬಂದಾಗ ಬಾಗಿಲ ಮರೆಯಿಂದ ‘ನಿನ್ನೆಯಿಂದ ಯಾಕೋ ಮೆಲುಕು ಕಡಿಮೆ’ ಎನ್ನುವ ದನಿಯನ್ನು ರೋಗದ ದಾಖಲೆಯ ಮೊದಲ ಸಾಲಾಗಿ ಬರೆದುಕೊಳ್ಳುವುದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ.