ಮೃಗಾಲಯದ ಮಾನ್ಯತೆ

1799ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣವು ಪತನಹೊಂದಿ ಟಿಪ್ಪು ಸುಲ್ತಾನನು ಮಡಿದ ಬಳಿಕ, ಪಟ್ಟಣದ ಅಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯ ಎದುರಿಗೆ ಬಂದ ಸಮಸ್ಯೆಗಳಲ್ಲಿ ಸುಲ್ತಾನನು ಸಾಕಿದ್ದ ಹುಲಿಗಳದೂ ಒಂದಾಗಿದ್ದಿತು. ಅವುಗಳಿಗೆ ಆಹಾರವಿಲ್ಲ, ನೋಡಿಕೊಳ್ಳುವವರಿಲ್ಲ, ಅವು ಉಗ್ರವಾಗುತ್ತಿವೆ. ಹೈದರಾಬಾದಿನ ನಿಜಾಮನ ಸೇನಾನಾಯಕ ಮೀರ್ ಆಲಂ ಅವುಗಳನ್ನು ತರಿಸಿಕೊಳ್ಳದಿದ್ದಲ್ಲಿ ಗುಂಡಿಕ್ಕಿ ಕೊಲ್ಲಿಸಬೇಕಾದೀತೆಂದು ಆತನು ತನ್ನ ಸೇನಾಪತಿಗೆ ಬರೆದನು. ಸೆರೆಯ ಮೃಗದ ಬಾಳು ಒಡೆಯನ ಬಾಳಿಗೆ ಕಟ್ಟುಬಿದ್ದಿದ್ದ ಕಾಲವದು. ಅದನ್ನು ಹಿಡಿದಿಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಕೈಬಿಟ್ಟಾಗ ಯಾರಿಗೂ ಉತ್ತರ ಹೇಳಬೇಕಿರಲಿಲ್ಲ. ಮೃಗಾಲಯವನ್ನು ನಡೆಸುವವರು ಸರಕಾರದ ಮಾನ್ಯತೆಯನ್ನು ಪಡೆಯಲೇಬೇಕೆಂಬ ಇಂದಿನ ನಿಯಮದ ಇತಿಹಾಸವನ್ನು ಆ ನಿರಂಕುಶ ಕಾಲದಿಂದಲೇ ಆರಂಭಿಸಬೇಕು.

ಇದಾಗಿ ಸುಮಾರು ಒಂದು ಶತಮಾನ ಕಳೆದ ಮೇಲೆ, 1892ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ಮೃಗಾಲಯವನ್ನು ಸ್ಥಾಪಿಸಿದರು. ಅದೂ ಅರಸರ ಇಚ್ಛೆಯಿಂದಲೇ ಜನ್ಮತಾಳಿದುದು. ಆದರೆ 1894ರ ಡಿಸೆಂಬರಿನಲ್ಲಿ ಮಹಾರಾಜರು ದೂರದ ಕಲ್ಕತ್ತೆಯಲ್ಲಿ ಅಕಾಲಮರಣಕ್ಕೀಡಾದಾಗ ಅಲ್ಲಿನ ಪ್ರಾಣಿಗಳು ಅನಾಥವಾಗಲಿಲ್ಲ. 1909ರಲ್ಲಿ ಅದಕ್ಕೆ ಸ್ಥಾಪಕರ ಹೆಸರನ್ನೇ ಇಡಲಾಯಿತು. 1948ರಲ್ಲಿ ಅದು ಸರಕಾರದ ಉದ್ಯಾನ ಇಲಾಖೆಗೂ, 1972ರಲ್ಲಿ ಅರಣ್ಯ ಇಲಾಖೆಗೂ ಸೇರಿ, 1979ರಲ್ಲಿ ರಚಿತವಾದ ರಾಜ್ಯದ ಮೃಗಾಲಯ ಪ್ರಾಧಿಕಾರದ ವಶಕ್ಕೆ ಬಂದಿತು. ಕೈ ಬದಲಾದರೂ ಪೋಷಣೆ ತಪ್ಪದಂತೆ ನೋಡಿಕೊಳ್ಳಬಲ್ಲುದು ಒಬ್ಬ ವ್ಯಕ್ತಿಯ ವಾತ್ಸಲ್ಯವಲ್ಲ, ಬಾಳಿಕೆಯುಳ್ಳ ವ್ಯವಸ್ಥೆ ಎಂಬುದಕ್ಕೆ ಮೈಸೂರು ನಿದರ್ಶನವಾಯಿತು.

ಎಲ್ಲ ಊರುಗಳ ಮೃಗಗಳಿಗೂ ಈ ಭಾಗ್ಯವಿರಲಿಲ್ಲ. ಪುರಸಭೆಯ ಉದ್ಯಾನದ ಮೂಲೆಯಲ್ಲೊಂದು ಕಬ್ಬಿಣದ ಪಂಜರವನ್ನು ನಿಲ್ಲಿಸಿ, ಅದರೊಳಗೊಂದು ಕರಡಿಯನ್ನೋ ಚಿರತೆಯನ್ನೋ ಕೂಡಿಹಾಕಿದರೆ ಊರಿಗೊಂದು ಮೃಗಾಲಯವಾಯಿತೆಂದು ಭಾವಿಸುತ್ತಿದ್ದ ದಿನಗಳು ಬಹುಕಾಲ ಉಳಿದವು. 1952ರಲ್ಲಿ ಜಯಚಾಮರಾಜೇಂದ್ರ ಒಡೆಯರ ಅಧ್ಯಕ್ಷತೆಯಲ್ಲಿ ವನ್ಯಜೀವಿ ಮಂಡಳಿಯ ಪ್ರಥಮ ಸಭೆಯು ಮೈಸೂರಿನಲ್ಲಿಯೇ ಸೇರಿದಂದಿನಿಂದ ಕಾಡಿನ ಪ್ರಾಣಿಗಳ ರಕ್ಷಣೆಯು ರಾಷ್ಟ್ರೀಯ ಚಿಂತನೆಯ ವಿಷಯವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಬಂದಿತು. ಆದರೆ ಮೃಗಾಲಯಗಳಿಗೆಂದೇ ಪ್ರತ್ಯೇಕ ಅಧ್ಯಾಯವೊಂದು ಆ ಕಾಯಿದೆಗೆ ಸೇರಿದುದು 1991ರ ತಿದ್ದುಪಡಿಯಿಂದ. ಮರುವರ್ಷ ಕೇಂದ್ರ ಮೃಗಾಲಯ ಪ್ರಾಧಿಕಾರವು ಸ್ಥಾಪಿತವಾಗಿ, ಅದರ ಮಾನ್ಯತೆಯಿಲ್ಲದೆ ಯಾವ ಮೃಗಾಲಯವೂ ನಡೆಯಕೂಡದೆಂದು ವಿಧಿಸಲಾಯಿತು. ಒಂದೆಡೆ ನೆಲೆನಿಂತುದಾಗಲಿ, ಊರೂರು ಅಲೆಯುವುದಾಗಲಿ, ಪ್ರದರ್ಶನಕ್ಕಾಗಿ ಪ್ರಾಣಿಗಳನ್ನಿರಿಸಿಕೊಂಡ ಸಂಸ್ಥೆಯು ಮೃಗಾಲಯವೇ ಎಂದು ಕಾಯಿದೆಯು ಪರಿಗಣಿಸಿತು; ಮುಂದೆ ಬಂದ ತಿದ್ದುಪಡಿಯಿಂದ ಸರ್ಕಸ್ಸಿನ ಡೇರೆಯೂ ಅದರ ವ್ಯಾಪ್ತಿಯೊಳಗೆ ಬಂದಿತು.

ಮಾನ್ಯತೆಯನ್ನು ಬೇಡುವವನು ಒಪ್ಪಬೇಕಾದ ನಿಬಂಧನೆಗಳನ್ನು 1992ರ ನಿಯಮಗಳು ಸವಿಸ್ತಾರವಾಗಿ ಹೇಳಿದವು. ಸುತ್ತಲೂ ಕನಿಷ್ಠ 2 ಮೀಟರ್ ಎತ್ತರದ ಗೋಡೆಯಿರಬೇಕು, ಆವರಣಗಳು ಆಯಾ ಪ್ರಾಣಿಯ ಸಹಜಧರ್ಮಕ್ಕೆ ಅನುಗುಣವಾಗಿರಬೇಕು, ಪಶುವೈದ್ಯರ ಶುಶ್ರೂಷೆ ದೊರೆಯಬೇಕು, ಹುಟ್ಟುಸಾವುಗಳ ಲೆಕ್ಕವಿರಬೇಕು, ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆಯನ್ನೂ ನಡೆಸಬೇಕು. ಸಕಾರಣವಿಲ್ಲದೆ ಯಾವ ಜೀವಿಯನ್ನೂ ವರ್ಷಕ್ಕೆ ಮಿಗಿಲಾಗಿ ಜೊತೆಯಿಲ್ಲದೆ ಒಂಟಿಯಾಗಿ ಇಡಬಾರದೆಂಬ ನಿಯಮವನ್ನು ಓದುವಾಗ, ಶಾಸನದ ಶುಷ್ಕ ಭಾಷೆಯೊಳಗೂ ಕರುಣೆಯು ಪ್ರವಹಿಸಬಲ್ಲುದೆಂಬ ನಂಬಿಕೆ ಮೂಡುತ್ತದೆ. ವಾರಕ್ಕೊಂದು ದಿನ ಪ್ರೇಕ್ಷಕರಿಗೆ ಬಾಗಿಲು ಮುಚ್ಚಬೇಕೆಂಬುದೂ ಅಂಥದೇ ವಿಧಿ. ಮಂಗಳವಾರ ಮೈಸೂರಿಗೆ ಬಂದು ಮೃಗಾಲಯದ ಬಾಗಿಲಿನಿಂದ ನಿರಾಶರಾಗಿ ಹಿಂದಿರುಗುವ ಯಾತ್ರಿಕರು, ಅದು ಒಳಗಿನ ಜೀವಿಗಳಿಗೆ ಜನರ ಕಣ್ಣುಗಳಿಂದ ದೊರೆಯುವ ಬಿಡುವೆಂದು ತಿಳಿದರೆ ತಮ್ಮ ನಿರಾಶೆಯನ್ನು ಸಂತೋಷದಿಂದಲೇ ಸಹಿಸಿಯಾರು.

ಈ ಕಟ್ಟಳೆಗಳಿಗೆ ತಕ್ಕಂತೆ ನಡೆಯಲಾರದ ಅನೇಕ ಚಿಕ್ಕ ಮೃಗಾಲಯಗಳು ಕಾಲಕ್ರಮದಲ್ಲಿ ಮುಚ್ಚಿದವು. ಸಿಂಹ, ಹುಲಿ, ಚಿರತೆ, ಕರಡಿ, ಕೋತಿಗಳನ್ನು ಆಟಕ್ಕೆ ಬಳಸಬಾರದೆಂಬ ಆಜ್ಞೆಯನ್ನು ಸುಪ್ರೀಂ ಕೋರ್ಟು 2001ರಲ್ಲಿ ಎತ್ತಿಹಿಡಿದ ಮೇಲೆ ಸರ್ಕಸ್ಸುಗಳಿಂದ ಬಿಡುಗಡೆಹೊಂದಿದ ಹುಲಿ ಸಿಂಹಗಳಿಗೆ ಬನ್ನೇರುಘಟ್ಟವೇ ಮೊದಲಾದ ಕಡೆ ಪುನರ್ವಸತಿ ಕೇಂದ್ರಗಳು ಆಶ್ರಯವಿತ್ತವು. ಮಾನ್ಯತೆಯನ್ನು ನಿರಾಕರಿಸಿ ಬಾಗಿಲು ಮುಚ್ಚಿಸುವುದು ಸುಲಭ. ಆ ಬಾಗಿಲಿನ ಹಿಂದಿರುವ ಜೀವಕ್ಕೆ ನೆಲೆಯನ್ನು ಕಲ್ಪಿಸುವುದು ಕಷ್ಟ. ಶ್ರೀರಂಗಪಟ್ಟಣದಲ್ಲಿ ಇಲ್ಲದಿದ್ದುದು ಈ ಎರಡನೆಯ ಏರ್ಪಾಡೇ. ಹೊಸ ಮೃಗಾಲಯವನ್ನು ಸ್ಥಾಪಿಸುವ ಮೊದಲೇ ಪ್ರಾಧಿಕಾರದ ಅನುಮೋದನೆ ಪಡೆಯಬೇಕೆಂದು ಮುಂದೆ ಬಂದ ತಿದ್ದುಪಡಿಯೂ, ಪ್ರಾಣಿಯನ್ನು ತಂದಾದ ಮೇಲೆ ಪರಿತಪಿಸುವುದಕ್ಕಿಂತ ತರುವ ಮುನ್ನ ಯೋಚಿಸುವುದು ಲೇಸೆಂಬ ವಿವೇಕದ ಫಲ.

ಆದುದರಿಂದ ಮೃಗಾಲಯದ ಮಾನ್ಯತೆಯನ್ನು ಕಚೇರಿಯಲ್ಲಿ ದೊರೆಯುವ ಒಂದು ಕಾಗದವೆಂದು ಬಗೆಯುವುದು ಸಲ್ಲದು. ಕಾಡಿನ ಸ್ವಾತಂತ್ರ್ಯವನ್ನು ಕಸಿದುಕೊಂಡವನು ಅದಕ್ಕೆ ಪ್ರತಿಯಾಗಿ ಏನನ್ನು ಕೊಡುವೆನೆಂದು ಸಮಾಜದ ಮುಂದೆ ಮಾಡುವ ವಾಗ್ದಾನವದು. ಆ ವಾಗ್ದಾನದಲ್ಲಿ ನೋಡಬಂದವರಿಗೂ ಪಾಲುಂಟು: ಪ್ರಾಣಿಗಳನ್ನು ಕೆಣಕುವುದನ್ನೂ ಅವುಗಳಿಗೆ ತಿಂಡಿ ಎಸೆಯುವುದನ್ನೂ ಅದೇ ಕಾಯಿದೆಯು ನಿಷೇಧಿಸಿದೆ. ಅಧಿಕಾರಿಯು ವರ್ಷಕ್ಕೊಮ್ಮೆ ಪರಿಶೀಲಿಸಬಹುದು, ಜನರು ದಿನದಿನವೂ ನೋಡುತ್ತಾರೆ; ಅವರು ಮೃಗದ ಬಲವನ್ನೂ ಬಣ್ಣವನ್ನೂ ಮೆಚ್ಚುವುದರೊಂದಿಗೆ ಅದರ ಕ್ಷೇಮವನ್ನೂ ವಿಚಾರಿಸುವಂತಾದರೆ, ಆಗ ಆ ಮಾನ್ಯತೆಯು ಸಾರ್ಥಕವಾಗುತ್ತದೆ.